ಎಡಗೈಗೆ ಕೂರುವ ಕಡ್ಡಿ

"ತಗೊಳ್ಳಿ, ಈ ಸಾರನ್ನ ನೀವೇ ಕುಡೀರಿ!"

ಸುಮನಾ ಸ್ಟೀಲ್ ಡಬ್ಬಿಯನ್ನ ಮೆಷಿನ್ ಪಕ್ಕ ಕುಕ್ಕಿದಳು. ಚನ್ನಪಟ್ಟಣದ ಆ ಪುಟ್ಟ ಗೊಂಬೆ ಕಾರ್ಖಾನೆಯಲ್ಲಿ ಗಿರ್ರನೆ ತಿರುಗುತ್ತಿದ್ದ ಮರದ ತುಂಡು ಗಕ್ಕನೆ ನಿಂತಿತು.

ದೇವರಾಜ್ ತಲೆ ಎತ್ತಿದ. ಮೈ ಕೈಯೆಲ್ಲ ಮರದ ಹೊಟ್ಟು. ರೆಪ್ಪೆ ಮೇಲೂ ಹೊಟ್ಟು.

"ಯಾರು ಮೇಡಂ ನೀವು?"

"ಬಿಡದಿ ನೂಡಲ್ಸ್ ಅಂಗಡಿಯವಳು! ಫೋನಲ್ಲಿ ಅರವತ್ತು ಜೊತೆ ಚಾಪ್‌ಸ್ಟಿಕ್, ನೂಡಲ್ಸ್ ತಿನ್ನೋ ಕಡ್ಡಿ ಮಾಡ್ಕೊಡಿ ಅಂದಿದ್ನಲ್ಲ... ಅವಳೇ!"

ಡಬ್ಬಿ ಮುಚ್ಚಳ ತೆಗೆದಳು. ಬೆಳ್ಳಗಿದ್ದ ಸಾರಿನಲ್ಲಿ ಕೆಂಪು ಬಣ್ಣ ಸುತ್ತಿ ಸುತ್ತಿ ಹರಡಿತ್ತು.

"ಬಿಸಿ ಸಾರಿಗೆ ಅದ್ದಿದ್ದೇ ತಡ, ನಿಮ್ಮ ಬಣ್ಣ ಕರಗ್ತು! ನಮ್ಮ ಜಪಾನಿ ಗಿರಾಕಿ ಇಟೊ ಸಾರ್ ತುಟಿಗೆಲ್ಲ ಕೆಂಪು ಮೆತ್ಕೊಳ್ತು. ಪಾಪ, ಒಂದು ಮಾತೂ ಆಡದೆ ಬಗ್ಗಿ ನಮಸ್ಕಾರ ಮಾಡಿ ಎದ್ದು ಹೋದ್ರು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು!"

"ಸಾರಾ?" ದೇವರಾಜ್ ಕಣ್ಣು ಕಿರಿದು ಮಾಡಿದ. "ನೂಡಲ್ಸ್‌ಗೆ ಸಾರೆಲ್ಲೈತೆ ಮೇಡಂ?"

ಅವನು ಕಂಡಿದ್ದು ಬಸ್ ಸ್ಟ್ಯಾಂಡ್ ಗಾಡಿಯ ನೂಡಲ್ಸ್. ಬಾಣಲೆಯಲ್ಲಿ ಹುರಿದು ತಟ್ಟೆಗೆ ಸುರಿದು ಫೋರ್ಕ್ ಚುಚ್ಚಿ ಕೊಡುವಂಥದ್ದು. ಅರಗಿನ ಬಣ್ಣ ಬಿಸಿಗೇ ಹತ್ತುವುದು, ಬಿಸಿಗೇ ಬಿಡುವುದು... ಅವನ ಕೇರಿಯಲ್ಲಿ ಮಗುವಿಗೂ ಗೊತ್ತು. ಆದರೆ ಸಾರು ಇರುತ್ತದೆ ಅಂತ ಅವಳು ಹೇಳಿರಲಿಲ್ಲ. ಇವನು ಕೇಳಿರಲಿಲ್ಲ.

"ನಂಬಿ ಬಾಯಿಗಿಟ್ಕೊಂಡೋರಿಗೆ ವಿಷ ಹಾಕ್ತೀರಾ?"

ಆ ಒಂದು ಮಾತಿಗೆ ಅವನ ಮುಖ ಕೆಂಪಾಯಿತು.

"ವಿಷನಾ? ಮಕ್ಕಳು ಚೀಪೋ ಗಿಲಕಿಗೂ ಇದನ್ನೇ ಹಚ್ಚೋದು ಕಣ್ರೀ!"

ಡಬ್ಬಿ ಎತ್ತಿದವನೇ ಗಟಗಟ ಕುಡಿದುಬಿಟ್ಟ!

ಸುಮನಾ ಕಿತ್ತುಕೊಳ್ಳಲು ಕೈ ಚಾಚುವಷ್ಟರಲ್ಲಿ ಡಬ್ಬಿ ಖಾಲಿ. 'ಅಯ್ಯೋ... ಇವನಿಗೇನಾದ್ರೂ ಆದ್ರೆ?'

ಅವನು ಡಬ್ಬಿ ಇಳಿಸಿ ಬಾಯಿ ಒರೆಸಿಕೊಂಡ. ಖಾಲಿ ಡಬ್ಬಿಯೊಳಗೆ ಇಣುಕಿದ.

"ಇದನ್ನ... ನೀವೇ ಮಾಡಿದ್ದಾ?"

"ಮತ್ತಿನ್ಯಾರು? ಕೋಳಿ ಮೂಳೆ ಆರು ಗಂಟೆ ಕುದಿಸಿದ್ದು."

"ಒಸಿ ತಣ್ಣಗಾಗೋಗೈತೆ," ಅಂದ ಮೆಲ್ಲಗೆ. "ಬಿಸೀದು ಸಿಕ್ತದಾ?"

ಅವಳ ಸಿಟ್ಟಿಗೆ ಎಲ್ಲಿ ಹೋಗಬೇಕೋ ತಿಳಿಯಲಿಲ್ಲ.

* * *

ಬಿಡದಿಯ ಸರ್ವೀಸ್ ರಸ್ತೆ ಈಗ ಮೊದಲಿನಂತಿಲ್ಲ. ತಟ್ಟೆ ಇಡ್ಲಿ ಹೋಟೆಲಿನ ಪಕ್ಕ ಕೊರಿಯಾದವರ ಊಟದ ಮನೆ. ಅದರೆದುರು ನೇಪಾಳಿಯ ಮೋಮೋ ಗಾಡಿ. ಆ ಗಾಡಿಯ ಪಕ್ಕಕ್ಕೆ ಎಂಟು ಬೆಂಚಿನ ಸುಮನಾಳ ಅಂಗಡಿ. ಮಧ್ಯಾಹ್ನವಾದರೆ ಫ್ಯಾಕ್ಟರಿಗಳ ಜಪಾನಿ ಎಂಜಿನಿಯರುಗಳು, ಮಣಿಪುರದ ಹುಡುಗಿಯರು, ನಮ್ಮ ಮಾಗಡಿಯ ಡ್ರೈವರುಗಳು... ಎಲ್ಲರೂ ಒಂದೇ ಬೆಂಚಲ್ಲಿ ಸೊರ್ ಸೊರ್ ಅಂತ ಎಳೆಯುತ್ತಾರೆ.

ದೊಡ್ಡಮಳೂರಿನ ಹುಡುಗಿಗೆ ಈ ಅಡಿಗೆ ಹೇಗೆ ಬಂತು ಅಂತೀರಾ? ಆರು ವರ್ಷ ಒಬ್ಬ ಜಪಾನಿ ಮೇಡಂ ಮನೆಯಲ್ಲಿ ಅಡಿಗೆಗಿದ್ದಳು.

ಸುಮನಾ ಎಡಚಿ. ಚಿಕ್ಕವಳಿದ್ದಾಗ ಅವ್ವ ಉಣ್ಣುವ ಹೊತ್ತಿಗೆ ಎಡಗೈಗೆ ಬಟ್ಟೆ ಕಟ್ಟುತ್ತಿದ್ದಳು. ಕನಕಪುರದಿಂದ ಹೆಣ್ಣು ನೋಡಲು ಬಂದವರಿಗೆ ಗಾಬರಿಯಲ್ಲಿ ಎಡಗೈಯಲ್ಲೇ ಕಾಫಿ ಲೋಟ ಚಾಚಿದಳು. "ಎಡಗೈಯಾ?" ಅಂದಳು ಹುಡುಗನ ತಾಯಿ. ಅಷ್ಟೇ. ಕಾಫಿ ಮುಟ್ಟದೆ ಎದ್ದು ಹೋದರು. ಥೂ! ಯಾವ ಕೈಯಲ್ಲಿ ಕೊಟ್ಟರೆ ಕಾಫಿಯ ಸಕ್ಕರೆ ಕಮ್ಮಿಯಾಗುತ್ತದೆ ಹೇಳಿ?

ಆ ಜಪಾನಿ ಮೇಡಂ ಮಾತ್ರ ಮೊದಲ ದಿನವೇ ಅವಳ ಎಡಗೈ ಬೆರಳಿಗೆ ಕಡ್ಡಿ ಸಿಕ್ಕಿಸಿ, ಹೀಗೆ ಎತ್ತು ಅಂದಿದ್ದರು. ಯಾವ ಕೈ ಅಂತ ಕೇಳಲೇ ಇಲ್ಲ. ಆವತ್ತು ಅವಳು ಹೊಟ್ಟೆ ತುಂಬ ಉಂಡಳು.

ಆದರೂ ಈಗಲೂ ಅಂಗಡಿಯಲ್ಲಿ ಜನರೆದುರು ತಿನ್ನಲು ಹೆದರಿಕೆ. ಎಲ್ಲರದೂ ಮುಗಿದ ಮೇಲೆ ಅಡಿಗೆಮನೆ ಪರದೆಯ ಹಿಂದೆ ನಿಂತು ತಿನ್ನುತ್ತಿದ್ದಳು. ತನ್ನದೇ ಅಂಗಡಿ, ತನ್ನದೇ ಅಡಿಗೆ... ಕದ್ದು ತಿನ್ನುವವಳ ಹಾಗೆ!

ಬೇರೆ ಕಡ್ಡಿ ಮಾಡಿಕೊಡುತ್ತೇನೆಂದು ದೇವರಾಜ್ ದಿನಾ ಬರತೊಡಗಿದ. ಬಟ್ಟಲಲ್ಲಿ ಸಾರು ಎಲ್ಲಿವರೆಗೆ ಬರುತ್ತದೆ, ಯಾರು ಹೇಗೆ ಹಿಡಿಯುತ್ತಾರೆ ಅಂತ ನೋಡಿ ಕಡ್ಡಿಗೆ ಪೆನ್ಸಿಲಲ್ಲಿ ಗುರುತು ಹಾಕುವನು.

"ಕಡ್ಡಿ ಅಳೀತಾವ್ನೋ, ಹುಡುಗಿ ಅಳೀತಾವ್ನೋ!" ಪಾತ್ರೆ ತೊಳೆಯುವ ಮಾರಕ್ಕ ನಗುವಳು.

"ಸುಮ್ನಿರು ಮಾರಕ್ಕ!" ಅನ್ನುವಳು ಸುಮನಾ. ಹನ್ನೊಂದು ಗಂಟೆಯಾದರೆ ಮಾತ್ರ ಅವಳ ಕಣ್ಣು ರಸ್ತೆ ಕಡೆಗೇ.

ಹತ್ತನೇ ದಿನ ಅವನು ಬಂದಿದ್ದು ತಡವಾಗಿ. ಅಂಗಡಿ ಖಾಲಿ. ಅವಳನ್ನ ಹುಡುಕಿಕೊಂಡು ಪರದೆ ಸರಿಸಿದ.

ಎಡಗೈಯ ಕಡ್ಡಿ ಬಾಯಿಯ ಹತ್ತಿರವೇ ನಿಂತಿತು.

ಅವನು ಆ ಕೈಯನ್ನೇ ನೋಡಿದ. "ಎಡಗೈಯಾ?"

ಅದೇ ಮಾತು! ಕನಕಪುರದವರದ್ದೇ ಮಾತು! 'ಇವನೂನಾ...'

"ನಿಮ್ಮ ಕಡ್ಡಿ ಬೇಡ. ಹೋಗಿ."

"ಅಲ್ಲ ಕಣ್ರೀ, ನಾನು..."

"ಹೋಗಿ ಅಂದೆ!"

ಹೋದ. ಅವಳ ಕಣ್ಣಲ್ಲಿ ತುಂಬಿದ್ದನ್ನ ನೋಡಿಯೇ ಹೋದ.

* * *

ಮೂರು ದಿನ ಅವನ ಸುಳಿವಿಲ್ಲ. ಸುಮನಾ ಪೇಟೆಯ ಬಿದಿರು ಕಡ್ಡಿ ತಂದಿಟ್ಟಳು. ಎರಡು ಸಲ ಸಾರಿಗೆ ಉಪ್ಪು ಮರೆತಳು.

ನಾಲ್ಕನೇ ದಿನ ಮಧ್ಯಾಹ್ನ. ಅಂಗಡಿ ತುಂಬ ಜನ. ಇಟೊ ಸಾರ್ ಕೂಡ ಬಂದು ಮೂಲೆಯಲ್ಲಿ ಕೂತಿದ್ದರು. ದೇವರಾಜ್ ಬಾಗಿಲಲ್ಲಿ ನಿಂತ, ಕಂಕುಳಲ್ಲಿ ಬಟ್ಟೆ ಗಂಟು.

"ಬೇಡ ಅಂದಿದ್ನಲ್ಲ!"

"ಬೇಡ ಅಂದ್ರೆ ವಾಪಸ್ ಒಯ್ತೀನಿ. ಮೊದ್ಲು ನೋಡಿ."

ಗಂಟು ಬಿಚ್ಚಿದ. ಅರವತ್ತು ಜೊತೆ ಹೊಸ ಕಡ್ಡಿ. ಹಿಡಿಯುವ ಕಡೆ ಮಾತ್ರ ಅರಿಶಿನದ ಹಳದಿ, ಕೆಂಪು. ತುದಿ ನಾಲ್ಕು ಬೆರಳಷ್ಟು ಬರಿ ಮರ, ಎಣ್ಣೆ ತಿಕ್ಕಿ ನುಣ್ಣಗೆ ಮಾಡಿದ್ದು. ಕುದಿಯುವ ಸಾರಿನ ಬಟ್ಟಲಲ್ಲಿ ಒಂದು ಜೊತೆ ನಿಲ್ಲಿಸಿದ. ಎಲ್ಲರೂ ಉಸಿರು ಹಿಡಿದು ನೋಡಿದರು. ಬಣ್ಣ ಬಿಡಲಿಲ್ಲ. ಇಟೊ ಸಾರ್ ಚಪ್ಪಾಳೆ ತಟ್ಟಿದರು!

ಆಮೇಲೆ ಅವನು ಜೇಬಿಂದ ಇನ್ನೊಂದು ಜೊತೆ ತೆಗೆದ. "ಇದು ಆ ಅರವತ್ತರಲ್ಲಿ ಸೇರಲ್ಲ. ಹಿಡ್ಕೊಳ್ಳಿ."

ಜನ ನೋಡುತ್ತಿದ್ದರು. ಅಭ್ಯಾಸದಂತೆ ಬಲಗೈ ಚಾಚಿದಳು. ಕಡ್ಡಿ ಕೂರಲಿಲ್ಲ, ಜಾರಿತು.

"ಇದೂ ಕೆಟ್ಟೋಗಿದೆ."

"ಕೈ ಬದಲಾಯ್ಸಿ."

ಅವಳು ಬೆಂಚುಗಳ ಕಡೆ ಒಮ್ಮೆ ನೋಡಿದಳು. ನಿಧಾನಕ್ಕೆ ಎಡಗೈಗೆ ತಗೊಂಡಳು.

ಮೇಲಿನ ಕಡ್ಡಿಯಲ್ಲಿ ಕೆತ್ತಿದ್ದ ಪುಟ್ಟ ತಗ್ಗಿನೊಳಗೆ ಅವಳ ಹೆಬ್ಬೆರಳು ಮೆತ್ತಗೆ ಕೂತುಬಿಟ್ಟಿತು. ಅಳತೆ ತೆಗೆದು ಹೊಲಿದ ರವಿಕೆಯ ಹಾಗೆ!

"ಮೆಷಿನಲ್ಲಿ ತಿರುಗ್ಸಿದ್ದು ಗುಂಡಗಿರ್ತದೆ, ಜಾರ್ತದೆ. ಬೆರಳು ಕೂರಕ್ಕೆ ಒಸಿ ಕೆತ್ಬೇಕು. ನಿಮ್ಗೆ ಯಾವ ಕಡೆ ಕೆತ್ಲಿ ಅಂತ ಕೇಳ್ದೆ ಕಣ್ರೀ... ನೀವು ಓಡಿಸ್ಬುಟ್ರಿ."

ಸುಮನಾಳ ಕಣ್ಣು ಮಂಜಾಯಿತು. "ಆವತ್ತೇ ಹೇಳ್ಬಾರ್ದಾಗಿತ್ತಾ?"

"ಬಾಯಲ್ಲಿ ಹೇಳಿದ್ರೆ ನೀವೆಲ್ಲಿ ನಂಬ್ತೀರಿ? ಆವತ್ತು ಸಾರು ಕುಡಿದ ಮೇಲೇ ತಾನೆ ನಂಬಿದ್ದು!" ಅವನು ತಲೆ ತಗ್ಗಿಸಿದ. "ಎಡಗೈಲಿ ಹೆಂಗಿರ್ತದೆ ಅಂತ ನಂಗೂ ಗೊತ್ತಿರ್ಲಿಲ್ಲ. ಮೂರು ದಿನ ಎಡಗೈಲೇ ಉಂಡೆ. ಅವ್ವ ಸೌಟಲ್ಲಿ ಬಾರ್ಸಿದ್ಲು."

ಅಳು ಬರುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

ಇಪ್ಪತ್ತೆಂಟು ವರ್ಷದಲ್ಲಿ ಅವಳ ಈ ಕೈಗೋಸ್ಕರ ಯಾರೂ ಏಟು ತಿಂದಿರಲಿಲ್ಲ... ಅವಳೊಬ್ಬಳೇ ತಿಂದಿದ್ದಳು.

"ಮಾರಕ್ಕ, ಎರಡು ಬಟ್ಟಲು ತಾ. ಪರದೆಯಿಂದ ಹೊರಗೆ."

"ಹೊರಗಾ?" ಮಾರಕ್ಕ ಬಾಯಿ ಬಿಟ್ಟಳು.

"ಹೂಂ, ಹೊರಗೇ!"

ದೇವರಾಜ್ ಬೆಂಚಲ್ಲಿ ಕೂತ. ಅವಳು ಅವನ ಬಲಕ್ಕೆ ಕೂರಲು ಹೋದಳು.

"ಆ ಕಡೆ ಬ್ಯಾಡ, ಮೊಣಕೈ ಮೊಣಕೈ ಹೊಡ್ಕೊತವೆ. ಈ ಕಡೆ ಬನ್ನಿ, ನನ್ನ ಎಡಕ್ಕೆ."

ಕೂತಳು. ಆ ತುದಿಗೆ ಅವಳ ಎಡಗೈ, ಈ ತುದಿಗೆ ಅವನ ಬಲಗೈ. ಇಟೊ ಸಾರ್ ನೋಡಿದರು, ಡ್ರೈವರುಗಳು ನೋಡಿದರು. ಅವಳು ಎತ್ತಿದ ಕಡ್ಡಿ ಈ ಸಲ ನಿಲ್ಲಲಿಲ್ಲ.

"ಅವ್ವಂಗೆ ಹೇಳಿವ್ನಿ," ಅಂದ ಅವನು, ಬಟ್ಟಲು ನೋಡುತ್ತಲೇ.

"ಏನಂತ?"

"ಎಡಗೈ ಹುಡುಗಿ, ಇವಳನ್ನೇ ಮದ್ವೆಯಾಗೋದು ಅಂತ."

"...ಅದಕ್ಕೆ?"

"ಮತ್ತೆ ಸೌಟು ಎತ್ತಿದ್ಲು. ಆಮೇಲೆ ಕೇಳಿದ್ಲು, ಸಾರು ಚೆಂದಾಗಿ ಮಾಡ್ತಾಳೇನ್ಲಾ ಅಂತ."

ಸುಮನಾ ತುಟಿ ಕಚ್ಚಿ ನಕ್ಕಳು. ಬೆಂಚಿನ ಮೇಲೆ, ಇಬ್ಬರ ನಡುವೆ, ಎರಡು ಕೈ ಕೆಲಸವಿಲ್ಲದೆ ಉಳಿದಿದ್ದವು. ಅವನ ಒರಟು ಬೆರಳು ಬಂದು ಅವಳ ಬೆರಳನ್ನ ಹಿಡಿಯಿತು.

"ಕೈ ಬಿಡಿ... ಜನ ಅವ್ರೆ."

"ಉಣ್ಣಕ್ಕೆ ಈ ಕೈ ಬೇಕಾ ನಿಮ್ಗೆ?"

ಅವಳು ಎಡಗೈಯ ಕಡ್ಡಿಯಲ್ಲಿ ಒಂದೆಳೆ ಎತ್ತಿ ಬಾಯಿಗಿಟ್ಟಳು.

"...ಬೇಡ."

"ನಂಗೂ ಇದು ಬ್ಯಾಡ. ಉಣ್ಣಿ, ಆರೋಯ್ತದೆ."