ಕೊನೆಯ ನಾಲ್ಕು ಕೋರ್

ಮೀಟಿಂಗಿನಲ್ಲಿ ಎಲ್ಲರೆದುರಿಗೆ ಒಬ್ಬನ ಮೇಲೆ ತಪ್ಪು ಹೊರಿಸಿ ಬಂದಿದ್ದೀರಿ. ಅದೇ ಮನುಷ್ಯ ಕ್ಯಾಂಟೀನಿನಲ್ಲಿ ಎದುರಾಗಿ, "ಚಹಾ ಕುಡೀತೀರೇನ್ರಿ?" ಎಂದು ಕೇಳಿದರೆ ಏನು ಹೇಳಬೇಕು? ರಾಣಿ "ಬೇಡ" ಎಂದು ಮುಖ ತಿರುಗಿಸಿ ಬಂದುಬಿಟ್ಟಳು. ಸೀಟಿನಲ್ಲಿ ಕೂತ ಮೇಲೆ ಚಹಾ ಬೇಕಿತ್ತು ಅನ್ನಿಸಿತು.

ನಡೆದದ್ದಿಷ್ಟು. ವೈಟ್‌ಫೀಲ್ಡಿನ ಆ ಕಂಪನಿಯ ಲ್ಯಾಬಿನಲ್ಲಿ ಒಂದು ಸರ್ವರ್ ಇತ್ತು. ಅದರೊಳಗೆ ಎಂಟು ಕೋರ್, ಅಂದರೆ ಒಂದೇ ಪೆಟ್ಟಿಗೆಯಲ್ಲಿ ಕೂತು ದುಡಿಯುವ ಎಂಟು ಆಳು. ನೆಟ್‌ವರ್ಕಿನಿಂದ ನುಗ್ಗಿ ಬರುವ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ಪುಟ್ಟ ಪೊಟ್ಟಣಗಳನ್ನು, ಒಳಗೆ ಎಳೆದುಕೊಳ್ಳುವ ಡ್ರೈವರ್ ಬರೆದವನು ಪರಮಾನಂದ, ಇಳಕಲ್ಲಿನ ಹುಡುಗ. ಬಂದದ್ದನ್ನು ಬಿಚ್ಚಿ ನೋಡಿ ಮುಂದಕ್ಕೆ ಕಳಿಸುವ ಪ್ರೋಗ್ರಾಂ ರಾಣಿಯದು. ಅವಳು ಅಲ್ಲೇ ಪಕ್ಕದ ನಲ್ಲೂರಹಳ್ಳಿಯವಳು, ನೀರಿನ ಟ್ಯಾಂಕರ್ ಓಡಿಸುವ ಪಾಪಯ್ಯನ ಮಗಳು. ಸೆಕೆಂಡಿಗೆ ಒಂದು ಕೋಟಿ ಪ್ಯಾಕೆಟ್ ದಾಟಿಸುತ್ತೇವೆಂದು ಕಂಪನಿ ಗಿರಾಕಿಗೆ ಮಾತು ಕೊಟ್ಟಿತ್ತು. ಯಂತ್ರ ಮಾತ್ರ ಅರವತ್ತು ಲಕ್ಷಕ್ಕೆ ಬಂದು ಮೊಂಡು ಹಿಡಿದು ನಿಂತಿತ್ತು.

"ನನ್ನ ಪ್ರೋಗ್ರಾಂ ಸರಿಯಾಗೇ ಇದೆ ಸಾರ್. ನಿಧಾನ ಇರೋದು ಡ್ರೈವರ್," ಎಂದುಬಿಟ್ಟಿದ್ದಳು ರಾಣಿ, ಮ್ಯಾನೇಜರ್ ವೆಂಕಟೇಶಪ್ಪನವರ ಮುಂದೆ.

ಪರಮಾನಂದ ಜಗಳಕ್ಕೆ ಬರಬಹುದಿತ್ತು. ಬರಲಿಲ್ಲ. ಅವಳನ್ನು ಒಂದು ಗಳಿಗೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು. "ಇರಬಹುದ್ರಿ, ನೋಡ್ತೀನಿ," ಎಂದ, ಅಷ್ಟೆ.

ಮೀಟಿಂಗ್ ಮುಗಿಸುವ ಮುನ್ನ ವೆಂಕಟೇಶಪ್ಪನವರು ಇನ್ನೊಂದು ಬಾಂಬು ಹಾಕಿದ್ದರು. ಗಿರಾಕಿಗೆ ಡೆಮೋ ಆದ ಮೇಲೆ ಈ ಕೆಲಸಕ್ಕೆ ಇಲ್ಲಿ ಒಬ್ಬರು ಸಾಕು. ಇನ್ನೊಬ್ಬರು ಹೈದರಾಬಾದ್ ಆಫೀಸಿಗೆ.

ತಪ್ಪು ಯಾರದೆಂದು ತಾನೇ ಕೂಗಿ ಹೇಳಿದ ಮೇಲೆ ಯಾರನ್ನು ಕಳಿಸುತ್ತಾರೆ? ಇದು ರಾಣಿಗೆ ಹೊಳೆದದ್ದು ಆಮೇಲೆ. ಅಯ್ಯೋ, ಈ ಬಾಯಿಗೊಂದು ಬೀಗ ಇದ್ದಿದ್ದರೆ! ಅವನು ಊರಿಂದ ತಂದ ಶೇಂಗಾ ಚಟ್ನಿಯನ್ನು ಎಲ್ಲರಿಗಿಂತ ಮೊದಲು ಅವಳ ತಟ್ಟೆಗೇ ಬಡಿಸುವುದು ಅವಳಿಗೆ ಗೊತ್ತಿರಲಿಲ್ಲವೇ? ಅವನಿಲ್ಲದ ಆಫೀಸು ಅವಳಿಗೆ ಬೇಡವಾಗಿತ್ತು.

ಮರುದಿನ ಬೆಳಿಗ್ಗೆ ಒಬ್ಬಳೇ ಲ್ಯಾಬಿಗೆ ಹೋಗಿ ಯಾವ ಕೋರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಪರದೆ ತೆಗೆದಳು. ನೋಡಿದರೆ, ಅವನ ಡ್ರೈವರ್, ಅವಳ ಪ್ರೋಗ್ರಾಂ ಎರಡೂ ಮೊದಲ ನಾಲ್ಕು ಕೋರ್‌ಗಳ ಮೇಲೇ ಬಿದ್ದು ಗುದ್ದಾಡುತ್ತಿವೆ. ಕೊನೆಯ ನಾಲ್ಕು ಆರಾಮಾಗಿ ನಿದ್ದೆ ಹೊಡೆಯುತ್ತಿವೆ. ತಪ್ಪು ಅವನದೂ ಅಲ್ಲ, ಇವಳದೂ ಅಲ್ಲ. ಒಬ್ಬರ ಕೋಡನ್ನು ಇನ್ನೊಬ್ಬರು ಮುಟ್ಟಬಾರದು ಎಂಬುದು ಅಲ್ಲಿಯ ಕಟ್ಟುನಿಟ್ಟು. ಹಾಗಾಗಿ ಅವನದನ್ನು ಮುಟ್ಟಲಿಲ್ಲ. ತನ್ನ ಪ್ರೋಗ್ರಾಮನ್ನೇ ಕೊನೆಯ ನಾಲ್ಕಕ್ಕೆ ಸರಿಸಿದಳು. ಮೊದಲ ನಾಲ್ಕು ಪೂರ್ತಿ ಅವನಿಗಿರಲಿ. ಅಂಕಿ ಏರಲಿ, ಹೆಸರು ಅವನಿಗೇ ಬರಲಿ. ಅವನಿಗೆ ಹೇಳೋಣವೆಂದರೆ ಮುಖ ಎಲ್ಲಿದೆ? ಹೇಳಲಿಲ್ಲ.

ಸುಮ್ಮನಿರಲಾರದೆ ವೆಂಕಟೇಶಪ್ಪನವರ ಕ್ಯಾಬಿನ್ನಿಗೂ ಹೋದಳು. "ಸಾರ್, ಹೈದರಾಬಾದಿಗೆ ನನ್ನನ್ನೇ ಕಳಿಸಿ."

"ನೀನಾ? ಹೋಪ್ ಫಾರ್ಮ್ ಸರ್ಕಲ್ ದಾಟಿದ್ರೆ ಮನೆ ನೆನಪಾಗುತ್ತೆ ಅಂತಿದ್ದೆ?"

"ಅಭ್ಯಾಸ ಆಗುತ್ತೆ ಸಾರ್," ಎಂದಳು.

ಸಂಜೆ ಟೆಸ್ಟ್ ಓಡಿತು. ಅರವತ್ತು ಲಕ್ಷ. ಮರುದಿನ ಮತ್ತೆ ಓಡಿತು. ಅದೇ ಅರವತ್ತು ಲಕ್ಷ!

ರಾಣಿಗೆ ತಲೆ ಕೆಟ್ಟಿತು. ಜಾಗ ಬಿಟ್ಟುಕೊಟ್ಟ ಮೇಲೂ ಏರುವುದಿಲ್ಲ ಅಂದರೆ? ನಿಜವಾಗಿ ತನ್ನ ಪ್ರೋಗ್ರಾಮೇ ದಂಡವೇ? ಸಾಲು ಸಾಲು ಓದಿದಳು. ಒಂದು ತಪ್ಪೂ ಸಿಗಲಿಲ್ಲ. ಡೆಮೋದ ಹಿಂದಿನ ದಿನ ಬೆಳಿಗ್ಗೆ, ಕ್ಯಾಬ್ ಇಳಿದವಳೇ ನೇರ ಲ್ಯಾಬಿಗೆ ನುಗ್ಗಿ ಆ ಪರದೆಯನ್ನು ಮತ್ತೆ ತೆಗೆದಳು.

ಮೊದಲ ನಾಲ್ಕು ಕೋರ್ ಖಾಲಿ ಹೊಡೆಯುತ್ತಿದ್ದವು. ಕೊನೆಯ ನಾಲ್ಕು ಉಸಿರು ಬಿಡಲೂ ಪುರುಸೊತ್ತಿಲ್ಲದೆ ಒದ್ದಾಡುತ್ತಿದ್ದವು.

"ಅರೆ! ಇಲ್ಲಿಗೆ ಯಾರು ಬಂದ್ರು?"

"ಯಾರು ಬಂದಾರ್ರಿ?" ಬೆನ್ನ ಹಿಂದೆ ಪರಮಾನಂದನ ದನಿ. ಅವನೂ ಬೇಗ ಬಂದಿದ್ದ. ಪಕ್ಕದ ಮಾನಿಟರ್ ಆಫ್ ಆಗಿತ್ತು. ಅದರ ಕಪ್ಪು ಗಾಜಿನಲ್ಲಿ ಅವನು ಅವಳ ಜಡೆಯನ್ನು, ಆಮೇಲೆ ಪರದೆಯನ್ನು, ಮತ್ತೆ ಜಡೆಯನ್ನು ನೋಡಿದ್ದು ರಾಣಿಗೆ ಕಂಡಿತು. ತಿರುಗಿ ನೋಡದೆ ಕೇಳಿದಳು.

"ನಿಮ್ಮ ಡ್ರೈವರ್ ಕೊನೇ ನಾಲ್ಕು ಕೋರಲ್ಲಿ ಏನ್ ಮಾಡ್ತಿದೆ?"

ಅವನು ಕತ್ತು ಕೆರೆದುಕೊಂಡ. "ನಾನs ಸರಿಸೀನ್ರಿ. ಮೀಟಿಂಗ್ ಆದ ಮರುದಿನ. ಮೊದಲನೇ ನಾಕು ನಿಮಗ ಪೂರಾ ಸಿಗಲಿ ಅಂತ."

"ನಾನೂ ಅವತ್ತೇ ಸರಿಸಿದ್ದು! ಅದು ನಿಮಗಿರಲಿ ಅಂತ!"

ಇಬ್ಬರೂ ಪರದೆ ನೋಡಿದರು. ಓಣಿಯಲ್ಲಿ ಎದುರಾದ ಇಬ್ಬರು ದಾರಿ ಬಿಡಲು ಹೋಗಿ ಒಂದೇ ಕಡೆಗೆ ಸರಿದು ಡಿಕ್ಕಿ ಹೊಡೆದಂತಾಗಿತ್ತು ಕಥೆ. ಮೊದಲು ನಕ್ಕವಳು ರಾಣಿ. ನಗು ಎಷ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು, ಆ ನೀರಿನಲ್ಲಿ ಸ್ವಲ್ಪ ಬೇರೆಯದೂ ಇತ್ತು.

"ಹೇಳೋಕೇನಾಗಿತ್ತು ನಿಮಗೆ?"

"ಚಹಾ ಕುಡೀತೀರೇನು ಅಂತ ಕೇಳಿದೆ. ಬ್ಯಾಡ ಅಂದ್ರಿ. ಮುಂದ ಏನ್ ಹೇಳಲಿ?"

"ಸರಿ, ಈಗ ನೀವು ವಾಪಸ್ ಹೋಗಿ. ನಾನಿಲ್ಲೇ ಇರ್ತೀನಿ," ಎಂದು ಕುರ್ಚಿ ಎಳೆದುಕೊಟ್ಟಳು.

ಅವನು ಡ್ರೈವರನ್ನು ಮೊದಲ ನಾಲ್ಕಕ್ಕೆ ಮರಳಿಸಿ ಟೆಸ್ಟ್ ಶುರುಮಾಡಿದ. ಅಂಕಿ ಎಪ್ಪತ್ತು ಲಕ್ಷ ಮುಟ್ಟಿತು. ತೊಂಬತ್ತು. ರಾಣಿ ತನಗರಿವಿಲ್ಲದೆ ಅವನ ತೋಳು ಹಿಡಿದಿದ್ದಳು. ಕೋಟಿ ದಾಟಿದಾಗ ಬಿಡಬೇಕೆಂದು ನೆನಪಾಯಿತು, ಬಿಡಲಿಲ್ಲ. ಅವನು ಅಂಕಿ ನೋಡುವುದನ್ನು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಕೈ ಸರಕ್ಕನೆ ಹಿಂದೆ ಬಂತು.

"ಕೋಟಿ ದಾಟಿಸಿಬಿಟ್ರಾ! ಭೇಷ್!" ವೆಂಕಟೇಶಪ್ಪನವರು ಪರದೆ ನೋಡಿ ಹಿಗ್ಗಿದರು. ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮಿಬ್ಬರಿಗೂ ಒಬ್ಬರನ್ನೊಬ್ಬರು ಕಂಡ್ರೆ ಆಗಲ್ವಾ? ಮೊನ್ನೆ ಇವಳು ಬಂದು ಹೈದರಾಬಾದಿಗೆ ನಾನು ಹೋಗ್ತೀನಿ ಅಂದ್ಳು. ನಿನ್ನೆ ನೀನು ಬಂದು, ಇಲ್ಲ ನಾನೇ ಹೋಗ್ತೀನಿ ಅಂದೆ. ಯಾರಾದ್ರೂ ಒಬ್ಬರು ಹೋಗಿ ಮಾರಾಯ್ರೆ. ಊಟದ ಹೊತ್ತಿಗೆ ಹೇಳಿ." ಹೇಳಿದವರೇ ಹೊರಟುಹೋದರು.

ಕೋರ್‌ಗಳಾದರೆ ಎಂಟಿದ್ದವು, ಹಂಚಿಕೊಳ್ಳಬಹುದಿತ್ತು. ಇಲ್ಲಿ ಇದ್ದದ್ದು ಒಂದೇ ಸೀಟು.

"ನೀವ್ಯಾಕೆ ಹೋಗ್ತೀನಿ ಅಂದಿದ್ದು?" ಎಂದು ಕೇಳಿದಳು.

"ನೀವು ಊರು ಬಿಟ್ಟು ಇದ್ದವರಲ್ಲ. ನನಗ ಯಾವ ಊರಾದ್ರೂ ಬಾಡಿಗೀ ಖೋಲಿನs," ಎಂದ ಅವನು. "ನೀವ್ಯಾಕ ಅಂದ್ರಿ?"

ಸುಳ್ಳು ಹೇಳಬಹುದಿತ್ತು. ಈ ಮೂರು ದಿನ ಸುಮ್ಮನಿದ್ದು ಏನು ಗಳಿಸಿದ್ದು ಎಂಬುದು ಕಣ್ಣೆದುರಿಗೇ ಇತ್ತು.

"ನಿಮ್ಮನ್ನ ಕಳಿಸೋಕೆ ನಾನು ಕಾರಣ ಆಗಬಾರದು ಅಂತ. ನೀವಂದ್ರೆ ನನಗೆ ಇಷ್ಟ ಕಣ್ರೀ. ಬಹಳ ಇಷ್ಟ. ನೀವು ಹೋದ್ರೆ ನಾನಿಲ್ಲಿ ಯಾರ ಮುಖ ನೋಡ್ಕೊಂಡು ಇರಲಿ?"

ಪರಮಾನಂದನ ಕಿವಿ ಕೆಂಪಾಗಿತ್ತು. ಅವನು ಹೇಳಿದ, "ಕೆಲಸಕ್ಕ ಏನ್ರಿ, ಈ ರಸ್ತೇದಾಗನs ಹತ್ತು ಕಂಪನಿ ಅದಾವ. ಎದುರಿನ ಬಿಲ್ಡಿಂಗಿನವ್ರು ಹೋದ ತಿಂಗಳs ನನ್ನ ಕರದಿದ್ರು. ಇವತ್ತು ಹೂಂ ಅಂದ್ರ ನಾಳೆ ತಗೋತಾರ."

ರಾಣಿ ಹಣೆ ಬಡಿದುಕೊಂಡಳು. "ಮತ್ತೆ ಹೈದರಾಬಾದಿಗೆ ಯಾಕ್ರೀ ಹೊರಟಿದ್ರಿ, ಪುಣ್ಯಾತ್ಮ?"

"ಯಾರೂ ಇರು ಅನ್ನಲಿಲ್ಲಲ್ರಿ."

ಅವಳು ಮುಂದೆ ಬಂದು ಅವನ ತೋಳನ್ನು ಮತ್ತೆ ಹಿಡಿದುಕೊಂಡಳು. ಈ ಸಲ ಬಾಗಿಲ ಕಡೆ ನೋಡಲಿಲ್ಲ.

"ನಾನು ಹೇಳ್ತಿದ್ದೀನಿ. ಇರಿ."