ಹುಣಸೆಹಣ್ಣಿನಲ್ಲಿ ತೊಳೆದ ಹಡಗಿನ ಗಂಟೆ

ಹಡಗಿನ ಗಂಟೆಗೆ ಯಾರಾದರೂ ವಿಭೂತಿ ಬಳಿಯುತ್ತಾರಾ? ಸೋಮೇಶ್ ಬಳಿದಿದ್ದ. ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಸುತ್ತ ಚೆಂಡುಹೂವಿನ ಹಾರ. ಹಾರದ ಸಂದಿಯಿಂದ ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಗುಂಡ್ಲುಪೇಟೆಯ ಅವನ ಶೋಕೇಸ್ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟೆ.

"ಏನ್ ಮಾಡಿದ್ರಿ ಇದನ್ನ?"

"ನೆನ್ನೆ ಆಯುಧಪೂಜೆ ಅಲ್ವಾ ಮೇಡಂ? ಕಟರ್, ಡ್ರಿಲ್ ಎಲ್ಲಾ ತೊಳ್ದೆ. ನಿಮ್ ಗಂಟೆ ಒಂದೇ ಮಂಕಾಗಿ ಕೂತಿತ್ತು. ಹುಣಸೆಹಣ್ಣು ಹಾಕಿ ಚೆನ್ನಾಗಿ ಉಜ್ಬುಟ್ಟೆ."

ಹುಬ್ಬೆತ್ತಿ ನಕ್ಕ. ಆ ನಗು ನೋಡಲೆಂದೇ ಒಂದು ಶೋಕೇಸಿಗೆ ಮತ್ತೆ ಮತ್ತೆ ಅಳತೆ ಬದಲಿಸಿದವಳು ನಾನು. ಇವತ್ತು ಅದೇ ನಗು ಕಂಡು ಮೈಯೆಲ್ಲ ಉರಿಯಿತು.

ನಾನು ಭವ್ಯ. ಚಾಮರಾಜನಗರದ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಕೂತು ಹಳೇ ನೌಕಾಪಡೆಯ ಸಾಮಾನು ಕೂಡಿಡುವ ಹುಚ್ಚು ನನಗೆ. ಮೈಸೂರಿನ ಗುಜರಿ ಅಂಗಡಿಯಲ್ಲಿ ಸಿಕ್ಕ, ಲಂಗರಿನ ಚಿತ್ರವಿದ್ದ ಒಂದು ಬಟನ್‌ನಿಂದ ಶುರುವಾಗಿದ್ದು. ಆಮೇಲೆ ನಾವಿಕರ ಟೋಪಿ, ಸೀಟಿ, ಪದಕ, ದುರ್ಬೀನು. ನಾಳೆ ಕಾಲೇಜಿನ ಹಾಲ್‌ನಲ್ಲಿ ಮೊದಲ ಪ್ರದರ್ಶನ.

ನಡುವೆ ಇಡಬೇಕಾದದ್ದು ಈ ಗಂಟೆ. ಅದು ನೌಕಾಪಡೆಯಲ್ಲಿ ದುಡಿದು ಬಂದ ಹರವೆಯ ನಾಗಯ್ಯ ತಾತನದು. ಅವರು ದುಡಿದ ಹಡಗನ್ನು ಒಡೆದು ಮಾರಿದಾಗ ಉಳಿದದ್ದು ಇಷ್ಟೇ. "ಮೇಲಿರೋ ಕಪ್ಪು ಆ ಸಮುದ್ರ ಕೊಟ್ಟಿದ್ದು ಕಣವ್ವ. ಉಜ್ಜಿದ್ರೆ ವಾಪಸ್ ತಕ್ಕೊಂಡ್ ಓಯ್ತಿನಿ" ಎಂದು ಹೇಳಿಯೇ ಕೊಟ್ಟಿದ್ದರು. ಪೆಟ್ಟಿಗೆಯ ಅಳತೆಗೆಂದು ಗಂಟೆಯನ್ನು ಅಂಗಡಿಯಲ್ಲಿ ಬಿಟ್ಟಾಗ ಅದನ್ನು ಸೋಮೇಶನಿಗೆ ತಿಳಿಸಬೇಕೆಂದು ನನಗೆ ತೋಚಲೇ ಇಲ್ಲ. ಹಳೇ ಸಾಮಾನು ಉಜ್ಜಬಾರದು ಅನ್ನುವುದು ಲೋಕಕ್ಕೆಲ್ಲ ಗೊತ್ತು ಅಂದುಕೊಂಡಿದ್ದೆ.

ಈಗ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು.

"ಸಂಜೆ ತಾತ ನೋಡಕ್ಕೆ ಬರ್ತಾರೆ. ಗಂಟೆ ಹೋದ್ರೆ ನೀವೂ ಹೋಗಿ. ಮತ್ತೆ ನನಗೆ ಮುಖ ತೋರಿಸ್ಬೇಡಿ!"

ಚಾಮರಾಜನಗರದವರೆಗೂ ಅವನ ಗೂಡ್ಸ್ ಆಟೋದಲ್ಲಿ ಗಂಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಬಿಚ್ಚಿದ ಹಾರ ಸ್ಟೇರಿಂಗ್ ಮುಂದೆ ಬಿದ್ದಿತ್ತು. ಗುಂಡಿ ಬಂದಾಗಲೆಲ್ಲ ಗಾಡಿ ನಿಧಾನ ಮಾಡಿ, ಎಡಗಡೆಯ ಕನ್ನಡಿ ನೋಡುವ ನೆಪದಲ್ಲಿ ನನ್ನನ್ನು ನೋಡುತ್ತಿದ್ದ. ನಾನು ಹೊರಗೆ ಚೆಂಡುಹೂವಿನ ಹೊಲ ನೋಡುತ್ತಿದ್ದೆ. ಅಳು ಒತ್ತರಿಸಿ ಬರುತ್ತಿತ್ತು.

"ನಾನೇ ಉಜ್ಜಿದ್ದು ಅಂತ ತಾತನಿಗೆ ಹೇಳ್ತೀನಿ" ಎಂದ ಕೊನೆಗೆ. "ನಿಮ್ಮನ್ನ ಬೈಯಕ್ಕೆ ಬುಡಲ್ಲ."

"ಬಾಯಿ ಮುಚ್ಕೊಂಡು ಗಾಡಿ ಓಡಿಸಿ."

ಹಾಲ್‌ನಲ್ಲಿ ಬಟನ್‌ಗಳನ್ನು ಕಪ್ಪು ವೆಲ್ವೆಟ್ ಮೇಲೆ ಜೋಡಿಸಿದೆ. ಟೋಪಿಗಳಿಗೆ ಅವನು ಮರದ ಗೂಟ ಹೊಡೆದ, ಪದಕಗಳ ಮೇಲೆ ಲೈಟು ಬೀಳುವಂತೆ ಮಾಡಿದ. ಗಂಟೆಯನ್ನು ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಸ್ವಲ್ಪ ಹೊತ್ತಿಗೆ ತಾತ ಬಂದರು. ಅದರ ಮುಂದೆ ನಿಂತರು.

"ಯಾರವ್ವ ಉಜ್ಜಿದ್ದು?"

ಸೋಮೇಶ್ ಬಾಯಿ ತೆರೆಯುವ ಮೊದಲೇ "ನಾನೇ ತಾತ" ಅಂದುಬಿಟ್ಟೆ. ಅವನ ಮೇಲೆ ಯಾರಾದರೂ ರೇಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ರೇಗುವುದಿದ್ದರೆ ನಾನು ರೇಗಬೇಕು.

"ಸುಳ್ಳು ತಾತ, ನಾನು ಉಜ್ಜಿದ್ದು!"

"ನೀವು ಸುಮ್ನಿರಿ ಸೋಮೇಶ್!"

"ನೀವ್ ಸುಮ್ನಿರಿ ಮೇಡಂ. ನೀವು ಮನೇಲಿ ಒಂದ್ ಲೋಟ ತೊಳ್ದಿರೋದೇ ಡೌಟು."

ತಾತ ನಮ್ಮಿಬ್ಬರನ್ನೂ ದಿಟ್ಟಿಸಿದರು. ನಗಲಿಲ್ಲ. ಪೆಟ್ಟಿಗೆ ತೆರೆದು ಗಂಟೆಯ ಅಂಚನ್ನು ಬೆರಳಿನಿಂದ ಸವರಿದರು.

"ಒಟ್ಟೆ ಉರೀತದೆ ಕಣವ್ವ. ಇದನ್ನ ಇಂಗೆ ಇಲ್ಲಿ ನೋಡಕ್ಕೆ ನಂಗಾಗಲ್ಲ."

ಟವೆಲಿನಲ್ಲಿ ಸುತ್ತಿ, ಮಗುವಿನ ಹಾಗೆ ಎತ್ತಿಕೊಂಡು ಹೊರಟೇಬಿಟ್ಟರು. ನಾನು ಖಾಲಿ ಪೆಟ್ಟಿಗೆಯನ್ನೇ ನೋಡುತ್ತ ನಿಂತೆ. ಹಿಂದೆ ಸ್ಕ್ರೂಡ್ರೈವರ್‌ಗಳ ಸದ್ದು. ಸೋಮೇಶ್ ಬ್ಯಾಗಿಗೆ ತುಂಬಿಕೊಳ್ಳುತ್ತಿದ್ದ.

"ಎಲ್ಲಿಗೆ?"

"ಗಂಟೆ ಹೋದ್ರೆ ನೀವೂ ಹೋಗಿ ಅಂದಿದ್ರಲ್ಲ." ತಲೆ ಎತ್ತಲಿಲ್ಲ. "ಚೆನ್ನಾಗ್ ಕಾಣ್ಲಿ ಅಂತ ಉಜ್ಜಿದ್ದು ಮೇಡಂ. ನಿಮ್ ಸಾಮಾನು ಅಂದ್ರೆ ನಂಗೆ... ಓಗ್ಲಿ ಬುಡಿ."

"ಬುಡಲ್ಲ. ಪೂರ್ತಿ ಹೇಳಿ."

"ನಿಮ್ಮನ್ನ ಕಂಡ್ರೆ ಇಷ್ಟ. ಹೇಳ್ಬುಟ್ಟೆ. ಬರ್ತೀನಿ."

ಅವನು ಎತ್ತಿಕೊಂಡ ಬ್ಯಾಗಿನ ಪಟ್ಟಿ ಹಿಡಿದುಕೊಂಡೆ.

"ಗಂಟೆ ಹೋಯ್ತು, ಹೋಗ್ಲಿ. ನೀವು ಹೋಗ್ಬೇಡಿ."

ಅವನು ಗಾಬರಿಯಲ್ಲಿ ಪಟ್ಟಿ ಬಿಟ್ಟ. ಭಾರದ ಬ್ಯಾಗು ನನ್ನ ಕೈಜಾರಿ ಕಾಲ ಮೇಲೇ ಬಿತ್ತು. "ಅಯ್ಯಯ್ಯೋ!" ಎಂದು ಕೂತು ನನ್ನ ಪಾದ ಹಿಡಿದುಕೊಂಡ. ನೋವಿಗೋ ಯಾತಕ್ಕೋ, ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ಅಳುತ್ತಲೇ ನಗುತ್ತಿದ್ದೆ.

"ಖಾಲಿ ಪೆಟ್ಟಿಗೇಲಿ ಏನಿಡೋದು ಈಗ?" ಪಾದ ಬಿಡದೆಯೇ ಕೇಳಿದ.

"ಗಾಡೀಲಿ ಹಾರ ಇದೆಯಲ್ಲ, ಅದನ್ನೇ ಇಡಿ."

"ಏನಿದು ಅಂತ ನಾಳೆ ಜನ ಕೇಳಿದ್ರೆ?"

"ನಿಮ್ಮನ್ನ ತೋರಿಸ್ತೀನಿ. ಇಲ್ಲೇ ನಿಂತಿರಿ."