ಬಬಲೇಶ್ವರದ ಬಣ್ಣದ ಪೆಟ್ಟಿಗೆ

ಬಿಸಿಲಿಗೆ ತಲೆ ಕಾದಿತ್ತು. ಊಟದ ಡಬ್ಬಿ ಇನ್ನೂ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಹಾಜಿರಾಬಿ ಎಂಬ ಹೆಂಗಸು ಅಬ್ದುಲಗನಿ ವಕೀಲರ ಬಾಗಿಲಲ್ಲಿ ನಿಂತು ಅಳತೊಡಗಿದಳು. ವಿಜಾಪುರದಲ್ಲಿ ನಮ್ಮ ವಕೀಲರಿಗೆ ಕೋರ್ಟಿಗಿಂತ ಪತ್ತೇದಾರಿಕೆಯಲ್ಲೇ ಹೆಚ್ಚು ಹೆಸರು. ಅವರ ಗುಮಾಸ್ತನಾದ ಈ ಗೊಲ್ಲಾಳಪ್ಪನಿಗೆ ಅದರಿಂದ ಬಂದದ್ದೆಂದರೆ ತಪ್ಪಿದ ಊಟಗಳು ಮಾತ್ರ. ಇದು ಎಪ್ಪತ್ನಾಲ್ಕನೆಯ ಇಸವಿಯ ಮಾತು.

"ಯಪ್ಪಾ, ನಮ್ಮವರು ರಸೂಲಸಾಬ ಅಂತ, ಬಬಲೇಶ್ವರದ ಸಾಲ್ಯಾಗ ಸಿಪಾಯಿ ಅದಾರ್ರಿ. ಚಿತ್ರದ ಕ್ಲಾಸಿನ ಬಣ್ಣದ ಪೆಟಗಿ ಸುಟ್ಟಾರ ಅಂತ ಇವತ್ತ ಸಂಜಿಕ ಕೆಲಸದಿಂದ ತಗೀತಾರಂತ್ರಿ. ಹೈದರಾಬಾದಿನವ್ರು, ಈಗಷ್ಟ ಕನ್ನಡ ಕಲ್ಯಾಕತ್ತಾರ. ಬೈದರ ತಿರುಗಿ ಮಾತಾಡಾಕೂ ಬರೂದಿಲ್ರಿ."

"ನಡೀರಿ ಗೊಲ್ಲಾಳಪ್ಪ," ಎಂದರು ವಕೀಲರು. ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಚಿತ್ರಕಲೆಯ ಕೋಣೆಯಲ್ಲಿ ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಡ್ರಾಯಿಂಗ್ ಶಿಕ್ಷಕಿ ಗುರುಬಾಯಿ ತಾವೇ ಮಾಡಿದ ಪೆಟ್ಟಿಗೆ ಅದು. ಒಳಗೆ ಮೂರು ಬಲ್ಬು, ಮುಂದೆ ಕೆಂಪು, ಹಸಿರು, ನೀಲಿ ಜಿಲೇಟಿನ್ ಕಾಗದ, ಕೆಳಗೆ ಫ್ಯಾನಿನ ರೆಗ್ಯುಲೇಟರಿನ ಮೂರು ಗುಂಡಿ. ಮಕ್ಕಳು ತಾವೇ ಗುಂಡಿ ತಿರುವಿ ಬಿಳಿ ಬಟ್ಟೆಯ ಮೇಲೆ ಬೆಳಕಿನ ಬಣ್ಣ ಬೆರೆಸುತ್ತಿದ್ದರಂತೆ. ಈಗ ಕಾಗದ ಕರಗಿ, ಹಲಗೆ ಕಪ್ಪಾಗಿತ್ತು. ಮೂರೂ ಗುಂಡಿಗಳು ಪೂರ್ತಿ ಬಲಕ್ಕೆ ತಿರುಗಿದ್ದವು.

"ಬಲಕ್ಕ ತಿರುವಿದರ ಬೆಳಕ ಜೋರು, ಎಡಕ್ಕ ತಿರುವಿದರ ಬಂದ್," ಎಂದರು ಗುರುಬಾಯಿ. "ನಿನ್ನೆ ದೀಪಾ ಹಚ್ಚೂ ಹೊತ್ತಿಗೆ ಎಲ್ಲಾ ಬಂದ್ ಮಾಡಾಕ ಇವಗ ಹೇಳಿ ಮನಿಗಿ ಹೋದೆ. ನಾಳೆ ಸಾಲಿ ತಪಾಸಣಿ ಸಾಹೇಬ್ರು ಪೆಟಗಿ ನೋಡಾಕ ಬರೂವ್ರು. ಎಷ್ಟ ಕಷ್ಟಪಟ್ಟು ಮಾಡಿದ್ನಿ, ಎಲ್ಲಾ ಹಾಳಾತು!"

"ಅಕ್ಕಾರು ಹೇಳಿದಂಗ ಮಾಡೀನ್ರಿ," ಎಂದ ಮೂಲೆಯಲ್ಲಿದ್ದ ರಸೂಲಸಾಬ.

"ಸುಳ್ಳ ಹೇಳತಿಯೇನಲೇ!" ಹೆಡ್‌ಮಾಸ್ತರ ಗುರುಪಾದಯ್ಯ ಅವನ ಮಾತನ್ನು ಅಲ್ಲಿಗೇ ತುಂಡರಿಸಿದರು. ಹಾಗೆಂದು ಅವರಿಗೆ ಪೆಟ್ಟಿಗೆಯ ಮೇಲೆ ಪ್ರೀತಿಯೇನೂ ಇರಲಿಲ್ಲ. "ಕೆಂಪು ಹಸರು ಕೂಡಿದರ ಹಳದಿ ಆಗತೈತಂತ! ಬಣ್ಣದ ತಟ್ಟ್ಯಾಗ ಕಲಸಿ ನೋಡ್ರಿ, ಕೆಸರಾಗತೈತಿ. ಚಿತ್ರಕ್ಕ ಕುಂಚ ಸಾಕು." ಕೋಣೆಯ ಒಂದು ಕೀಲಿ ರಸೂಲಸಾಬನ ಬಳಿ, ಇನ್ನೊಂದು ಇದ್ದದ್ದು ಅವರ ಬಳಿಯೇ. ನನ್ನ ಅನುಮಾನ ಪೂರ್ತಿ ಅವರ ಮೇಲೆ ಹೋಯಿತು.

ಗುರುಬಾಯಿ ಹತಾಶೆಯಿಂದ ಮೇಜಿಗೆ ಕೈ ಅಪ್ಪಳಿಸಿದರು. ಹಸಿರು ಬಳೆಯೊಂದು ಚೂರಾಯಿತು. "ಅಯ್ಯ, ಬಳಿ ಹೆಚ್ಚಾತು!" ಎಂದರು.

ರಸೂಲಸಾಬ ಚೂರು ಆರಿಸುತ್ತ ಅವರ ಕೈಯನ್ನೇ ನೋಡಿದ. "ಹೆಚ್ಚಾಗಿಲ್ರಿ ಅಕ್ಕಾರ. ಒಂದ ಕಡಿಮಿ ಆತ್ರಿ."

ಹೆಡ್‌ಮಾಸ್ತರರು ಉದ್ಧಟತನವೆಂದು ಗದರಿದರು. ವಕೀಲರು ಮಾತ್ರ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಒಂದು ಕಂದೀಲು ಹಚ್ಚಿ ತರಲು ನನಗೆ ಹೇಳಿದರು. ಹಸಿದ ಹೊಟ್ಟೆಯಲ್ಲಿ ನಾನು ಊರೆಲ್ಲ ಕಂದೀಲು ಹುಡುಕಬೇಕಾಯಿತು.

ಎಲ್ಲರೂ ಸುತ್ತ ನಿಂತರು. ಹಾಜಿರಾಬಿ ಬಾಗಿಲಿಗೆ ಒರಗಿದ್ದಳು. ವಕೀಲರು ಕಂದೀಲನ್ನು ಮೇಜಿನ ಮೇಲಿಟ್ಟರು. "ಅಕ್ಕಾರ, ಹೊತ್ತ ಮುಳಗೇತಿ, ನೀವು ಮನಿಗಿ ಹೊಂಟೀರಿ ಅಂತ ತಿಳೀರಿ. ಈ ಕಂದೀಲ ಏನ ಮಾಡಬೇಕು, ರಸೂಲಸಾಬಗ ಹೇಳ್ರಿ."

"ಇನ್ನೇನ ಹೇಳೂದ್ರಿ? ದೀಪಾ ದೊಡ್ಡದು ಮಾಡಪಾ, ರಸೂಲಸಾಬ."

ರಸೂಲಸಾಬ ಬಂದು ಕಂದೀಲಿನ ಕಿವಿ ತಿರುವಿದ. ಬತ್ತಿ ಏರಿತು, ಉರಿ ಎದ್ದಿತು, ಗಾಜು ಕಪ್ಪಾಯಿತು. ಗುರುಬಾಯಿ ಬಾಯಿಗೆ ಸೆರಗು ಹಿಡಿದರು.

"ನೋಡ್ರಿ," ಎಂದರು ವಕೀಲರು. "ಬೀಗ ಮುರದಿಲ್ಲ. ಅಂದ್ರ ಕೀಲಿ ಇದ್ದವರ ಕೆಲಸ. ಸಿಟ್ಟಿಗೆ ಮಾಡಿದ್ರ ಬಲ್ಬ ಒಡೀತಿದ್ರು, ಗುಂಡಿ ಮೂರೂ ಒಂದ ಸಮ ತಿರುವತಿರಲಿಲ್ಲ. ಇದು ಹೇಳಿದ್ದನ್ನ ನಿಷ್ಠಿಯಿಂದ ಮಾಡಿದವನ ಕೈ. ಇಬ್ಬರೂ ಖರೇ ಹೇಳಾಕತ್ತಾರ, ಆದ್ರ ಮಾತ ಕೂಡವಲ್ಲದು. ಬಳಿ ಒಡದಾಗ ತಿಳೀತು. ಅಪಶಕುನ ಅಂತ ನಮ್ಮ ಹೆಣ್ಣಮಕ್ಕಳು ಒಡೀತು ಅನ್ನೂದಿಲ್ಲ, ಹೆಚ್ಚಾತು ಅಂತಾರ. ದೀಪಾ ಆರಸು ಅನ್ನೂದಿಲ್ಲ, ದೊಡ್ಡದು ಮಾಡು ಅಂತಾರ. ಹೈದರಾಬಾದಿನಾಂವ ಅದನ್ನ ಕೇಳಿದಂಗ ತಿಳಕೊಂಡಾನ. ರಾತ್ರಿಯೆಲ್ಲಾ ಉರದು ಕಾಗದ ಕರಗೇತಿ."

"ಸಾಹೇಬ್ರು ಬರ್ತಾರ ಅಂತ ಉರಸಾಕ ಹೇಳ್ಯಾರ ಅನ್ಕೊಂಡಿದ್ದೆ ರೀ," ಎಂದ ರಸೂಲಸಾಬ ತಲೆ ತಗ್ಗಿಸಿ.

ನನಗೆ ನನ್ನ ಮೇಲೇ ರೇಗಿತು. ಹುಟ್ಟಿದಾಗಿನಿಂದ ಕೇಳಿದ ಮಾತು, ಕಿವಿಗೆ ಬಿದ್ದರೂ ತಲೆಗೆ ಹತ್ತಿರಲಿಲ್ಲ. ಗುರುಬಾಯಿಗಂತೂ ಅಳುವೂ ಬಂತು, ಸಿಟ್ಟೂ ಬಂತು. "ಈಗ ಯಾರಿಗೆ ಬೈಯಲ್ರಿ ನಾನು? ಪೆಟಗಿನೂ ಹೋತು, ಬೈಯಾಕ ಒಬ್ಬರೂ ಇಲ್ಲ!"

ಹೆಡ್‌ಮಾಸ್ತರರು ಇನ್ನೂ ಬಿಗಿದುಕೊಂಡೇ ಇದ್ದರು. "ತಿಳೀಲಾರದೇ ಮಾಡಿದ್ರೂ ತಪ್ಪ ತಪ್ಪೇ. ನಾಳೆ ಮತ್ತ ಹಿಂಗ ಆದ್ರ? ಇಂಥಾವನ್ನ ಇಟ್ಕೊಂಡು ನಾ ಸಾಲಿ ಹೆಂಗ ನಡಸಲಿ?"

ಹಾಜಿರಾಬಿ ಗಂಡನ ಮುಖ ನೋಡಿದಳು. ಕಂದೀಲು ಹೊಗೆ ಉಗುಳುತ್ತಲೇ ಇತ್ತು.

ಗುರುಬಾಯಿ ಕಣ್ಣು ಒರೆಸಿಕೊಂಡು ಮುಂದೆ ಬಂದರು. ಒಂದು ಕೈಯಲ್ಲಿ ಕೊರಳ ತಾಳಿಯನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಹುಟ್ಟಿದಾಗಿನಿಂದ ಬಾಯಿಗೆ ತಂದಿರದ ಮಾತನ್ನು ಹೇಳಿದರು.

"ದೀಪಾ ಆರಸಪಾ, ರಸೂಲಸಾಬ."

ಅವನು ತಕ್ಷಣ ಆರಿಸಿದ. ಆ ಕತ್ತಲೆಯಲ್ಲಿ ಗುರುಬಾಯಿ ಹೆಡ್‌ಮಾಸ್ತರರಿಗೆ ಹೇಳಿದ್ದು ನನಗೆ ಈಗಲೂ ನೆನಪಿದೆ.

"ನಾ ಕಲತೇನ್ರಿ. ಇನ್ನ ಅವನ ನೌಕರಿ ಯಾಕ ಹೋಗಬೇಕು?"